ಇಳಿವ ದಾರಿಯ ನಿಷಾದ

ಅರಸೀಕೆರೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಕೀಲ ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ, ಚೀಲದೊಳಗಿನ ಗಿಟಾರನ್ನು ಮೊಣಕಾಲುಗಳ ನಡುವೆ ಹಿಡಿದುಕೊಂಡು ಕೂತು, ತಾನು ಆವತ್ತು ನಕ್ಕಿದ್ದಾದರೂ ಯಾಕೆ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಸಣ್ಣ ನಗುವಲ್ಲ ಅದು. ಹಲ್ಲೆಲ್ಲ ಕಾಣುವ, ಕತ್ತು ವಾರೆ ಮಾಡಿದ, ತನ್ನ ಮದುವೆಯ ಆಲ್ಬಮ್ಮಿನಲ್ಲಿ ಕೂಡ ಎಲ್ಲೂ ಇರದಂಥ ನಗು. ಬೆಳಿಗ್ಗೆ ಚಹಾ ಕುಡಿಯುವಾಗ ಹೆಂಡತಿ ಮುಸ್ಕಾನ್ ಫೋನನ್ನು ಅವನ ಮೂಗಿನ ಮುಂದೆ ಹಿಡಿದಿದ್ದಳು. ಹೋದ ವಾರ ತೆಲಿಗಿಯಲ್ಲಿ ತತ್ವಪದದ ಮೇಳ ಹಾಡಿದ್ದನ್ನು ಅವಳ ತಂಗಿ ಸೈಮಾ ವಿಡಿಯೋ ಮಾಡಿ ಕಳಿಸಿದ್ದಳು. ನಡುವೆ ದೊಡ್ಡಬೀರಪ್ಪಜ್ಜ, ಕಂಬಳಿ ಹೆಗಲಿಗೆ, ಕಂಚಿನ ತಾಳ ಕೈಗೆ. ಎಡಕ್ಕೆ ಡೋಲಕ್ಕಿನ ಜಂಬಣ್ಣ. ಬಲಕ್ಕೆ ಗಿಟಾರಿನ ಅಕೀಲ. ಪಲ್ಲವಿ ಮುಗಿಸಿ ಅಜ್ಜ ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ಗಿಟಾರು ಮೇಲಿನ 'ಸಾ'ದಿಂದ ಕೆಳಗಿನ 'ಸಾ'ದವರೆಗೆ ಒಬ್ಬಂಟಿಯಾಗಿ ಇಳಿಯಬೇಕು. ಇಳಿಯತೊಡಗಿದ ಕೂಡಲೇ ಅಜ್ಜನ ತಾಳ, ತನಗೆ ಕೆಲಸವೇ ಇಲ್ಲದ ಜಾಗದಲ್ಲಿ, ಝಣ್ ಎಂದು ಬಿತ್ತು. ಅಕೀಲ ನಕ್ಕ. ಫೋನಿನೊಳಗಿನ ಅಕೀಲ, ಅಂದರೆ. ಚಹಾದ ಮುಂದಿನ ಅಕೀಲನೂ ಆಗ ನಗುತ್ತಲೇ ಇದ್ದ, ಬಡಪಾಯಿ.

"ಅಜೀ, ಅಜ್ಜ ಎಷ್ಟ್ ಚಂದ ಮುಚ್ಚಿಕೊಂತಾರ ನೋಡ್ರಿ ನಿಮ್ಮನ್ನ," ಅಂದಳು ಮುಸ್ಕಾನ್, ಅರ್ಧ ಉರ್ದು ಅರ್ಧ ಕನ್ನಡದ ತಮ್ಮ ಮನೆಮಾತಿನಲ್ಲಿ.

"ಏನ್ ಮುಚ್ಚಿಕೊಂಡ್ರು?"

"ಅದ ರೀ, ನಿಮ್ಮ ಬೆರಳು ಜಾರ್ತೈತಲ್ಲ ಅಲ್ಲಿ. ದಿನಾ ಜಾರ್ತೈತಿ. ದಿನಾ ಅಜ್ಜ ಜೋರ್ ಬಡದು ಮುಚ್ತಾರ. ನಮಗೆಲ್ಲ ಗೊತ್ತೈತಿ, ನಿಮಗ ಗೊತ್ತಿಲ್ಲೇನು?" ಅಂದವಳು ಅವನ ಮುಖ ನೋಡಿ ಫೋನು ಕೆಳಗಿಟ್ಟಳು. ಗೊತ್ತಿಲ್ಲ ಎಂಬುದು ಅವಳಿಗೆ ಗೊತ್ತಾಯಿತು. ಅವನ ತಟ್ಟೆಗೆ ಬಿಸಿ ರೊಟ್ಟಿ ಹಾಕಿ, ಅದರ ಮೇಲೆ ಕೇಳದೆಯೇ ತುಪ್ಪ ಹಾಕಿದಳು. ಆ ತುಪ್ಪವೇ ಅವನಿಗೆ ಹೆಚ್ಚು ಚುಚ್ಚಿತು.

ಜಾರುವುದಂತೆ! ಅದನ್ನು ಕಲಿಯಲು ಅವನಿಗೆ ಒಂದು ಮಳೆಗಾಲ ಪೂರ್ತಿ ಬೇಕಾಗಿತ್ತು. ಪಂಪಿನ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವ ಅವನ ಅಂಗಡಿಯಲ್ಲಿ ಮಳೆಗಾಲಕ್ಕೆ ಕೆಲಸ ಕಡಿಮೆ. ವಾರ್ನಿಶ್ ವಾಸನೆಯ ನಡುವೆ ಫೋನು ಗೋಡೆಗೊರಗಿಸಿ, ಯಾವುದೋ ದೇಶದ ಬೋಳುತಲೆಯ ಮೇಷ್ಟ್ರೊಬ್ಬ ಹೇಳಿದ್ದನ್ನು ನಿಲ್ಲಿಸಿ ನಿಲ್ಲಿಸಿ ಕೇಳುತ್ತಿದ್ದ. ಇಂಗ್ಲಿಷು ಅರ್ಧ ತಿಳಿಯದಿದ್ದರೂ ಬೆರಳು ಪೂರ್ತಿ ತಿಳಿಯುತ್ತಿತ್ತು. ಅಜ್ಜ ಹಾಡುವ ಆ ಪದದ ಧಾಟಿಗೆ ಗಿಟಾರಿನವರು ಡಾಮಿನಂಟ್ ಸ್ಕೇಲು ಅನ್ನುತ್ತಾರೆ. ಅದರಲ್ಲಿರುವುದು ಕೋಮಲ ನಿಷಾದ, ಅರ್ಧ ಮೆಟ್ಟಿಲು ಇಳಿಸಿದ ನಿ. ಇಳಿಯುವಾಗ ಸ್ವರ ಏಳು, ತಾಳದ ಲೆಕ್ಕ ಎಂಟು. ಏಳನ್ನು ಎಂಟರೊಳಗೆ ಹಾಗೇ ಇಳಿಬಿಟ್ಟರೆ ಅಂಗಿಯ ಗುಂಡಿ ಒಂದು ಕಾಜ ತಪ್ಪಿ ಹಾಕಿದ ಹಾಗೆ ಕೊನೆಯವರೆಗೂ ವಾರೆ. ಅದಕ್ಕೇ ಮೇಲಿನ 'ಸಾ'ಗೂ ಕೋಮಲ 'ನಿ'ಗೂ ನಡುವೆ, ಸ್ಕೇಲಿಗೆ ಸೇರದ ಶುದ್ಧ ನಿ ಒಂದನ್ನು ತೂರಿಸುವುದು. ಸಣ್ಣ ತಂತಿಯ ಮೇಲೆ ಐದನೇ ಫ್ರೆಟ್ಟು, ಅಂದರೆ ಕತ್ತಿನ ಐದನೇ ಅಡ್ಡಪಟ್ಟಿ, ಆಮೇಲೆ ನಾಲ್ಕು, ಮೂರು, ಒಂದರ ಪಕ್ಕ ಒಂದು. ಆಗ ಎಂಟಾಯಿತು; ಸಾ, ಕೋಮಲ ನಿ, ಪ, ಗ, ಮನೆಗೆ ಕಂಬದ ಹಾಗಿರುವ ಸ್ವರಗಳೆಲ್ಲ ನೇರ ಪೆಟ್ಟಿನ ಮೇಲೆ ಬಂದು ಕೂತವು. ಆದರೆ ಆ ಹೊರಗಿನ ನಿ ಮಾತ್ರ ಎರಡು ಪೆಟ್ಟುಗಳ ನಡುವೆ ಹಾಯ್ದು ಹೋಗಬೇಕು, ತುಂಬಿದ ಪಡಸಾಲೆಯಲ್ಲಿ ಹೆಣ್ಣುಮಗಳೊಬ್ಬಳು ಯಾರ ಕಾಲನ್ನೂ ತುಳಿಯದೆ ದಾಟಿಹೋಗುವಂತೆ. ಅದರ ಮೇಲೆ ನಿಂತರೆ ಕೆಟ್ಟಿತು. ಅದಕ್ಕೆ ಒತ್ತು ಬಿದ್ದರೂ ಕೆಟ್ಟಿತು. ಅಂಗಡಿಯ ಫ್ಯಾನಿನ ಒಂದು ಎಲೆ ಜಾಲರಿಗೆ ತಾಗಿ ಟಕ್ ಟಕ್ ಅನ್ನುತ್ತಿತ್ತು. ಅದನ್ನು ರಿಪೇರಿ ಮಾಡದೆ ಬಿಟ್ಟು ಅದರ ಲಯಕ್ಕೇ ಇಳಿದಿಳಿದು ಕಲಿತದ್ದು. ಬೇರೆಯವರ ಮೋಟರು ಸುತ್ತುವವನ ಫ್ಯಾನು ನೋಡಿ ಅಂತ ಮುಸ್ಕಾನ್ ನಕ್ಕಿದ್ದಳು.

ಮೇಳದಲ್ಲಿ ಮೊದಲ ಸಲ ನುಡಿಸಿದಾಗ ಹೆದರಿಕೆಗೆ ಬೆರಳು ಅಲ್ಲೇ ತುಸು ತಡೆದದ್ದು ನಿಜ. ಆ ನಿ ನಾಚಿಕೆಯಿಲ್ಲದೆ ಉದ್ದಕ್ಕೆ ಮೊಳಗಿತ್ತು. ಆಗಲೇ ಅಜ್ಜನ ತಾಳ ಝಣ್ ಅಂದದ್ದು. ಅಕೀಲ ಅದನ್ನು ಶಾಬಾಸ್ ಎಂದುಕೊಂಡ. ಕುರಿ ಕಾಯ್ದುಕೊಂಡೇ ಇಡೀ ಆಯುಸ್ಸು ಹಾಡಿದ ಮುದುಕ, ತನ್ನ ಬೆರಳಿನ ತುದಿಯ ಆ ಗುಟ್ಟನ್ನು ಕೇಳಿದ ತಕ್ಷಣ ಹಿಡಿದನಲ್ಲ ಎಂದು ಅವನಿಗೆ ಕಣ್ಣು ಮಂಜಾಗಿತ್ತು. ಆಮೇಲಿನ ಪ್ರತಿ ಹಾಡಿಕೆಯಲ್ಲೂ ಅವನ ಬೆರಳು ಸರಿಯಾಗಿಯೇ ದಾಟಿತು, ಅಜ್ಜನ ತಾಳವೂ ತಪ್ಪದೆ ಬಿತ್ತು, ಅವನೂ ತಪ್ಪದೆ ನಕ್ಕ. ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದ: ನಮ್ಮ ಬೀರಪ್ಪಜ್ಜನ ಕಿವಿ ಅಂದ್ರ ಕಿವಿ, ಅಲ್ಲಿ ಏನೈತಂತ ಅವರಿಗೊಬ್ಬರಿಗ ತಿಳೀತೈತಿ. ಯಾರ್ಯಾರ ಮುಂದೆ ಹೇಳಿದೆ ಎಂದು ಈಗ ಬೆಂಚಿನ ಮೇಲೆ ಕೂತು ನೆನಪು ಮಾಡಿಕೊಳ್ಳುತ್ತ ಅವನ ಕಿವಿ ಬಿಸಿಯಾಯಿತು. ವಿಡಿಯೋವನ್ನು ಅಂಗಡಿಯ ಶಟರು ಅರ್ಧ ಎಳೆದುಕೊಂಡು ಮತ್ತೆ ಮತ್ತೆ ನೋಡಿದ್ದ. ಇಳಿಯುವ ಮುನ್ನ ಜಂಬಣ್ಣ ಅಜ್ಜನತ್ತ ಹುಬ್ಬು ಹಾರಿಸುತ್ತಾನೆ: ಬಂತು ನೋಡು. ಅಜ್ಜ ತಾಳ ಎತ್ತಿಕೊಳ್ಳುತ್ತಾನೆ. ಎಲ್ಲಕ್ಕಿಂತ ಕೆಟ್ಟದ್ದು ಬೇರೆಯೇ ಇತ್ತು. ಯಾರಿಗೂ ಕಾಣದೆ ದಾಟಬೇಕಾದ ಸ್ವರದ ನೆತ್ತಿಯ ಮೇಲೆಯೇ ತಾಳ ಬಿದ್ದದ್ದರಿಂದ ಕೂತವರೆಲ್ಲ ಅತ್ತ ತಿರುಗಿ ನೋಡುತ್ತಿದ್ದರು. ಸರಿಯಿದ್ದ ಸ್ವರ ಆ ಝಣ್‌ನಿಂದಾಗಿಯೇ ತಪ್ಪಾಗಿ ಕೇಳುತ್ತಿತ್ತು. ಮುಚ್ಚುವ ಕೈಯೇ ಬಯಲು ಮಾಡುತ್ತಿತ್ತು, ಪಾಪ, ಅಷ್ಟೊಂದು ಪ್ರೀತಿಯಿಂದ.

ಅಕೀಲನಿಗೆ ಚಿಕ್ಕಂದಿನ ಮನೆ ನೆನಪಾಯಿತು. ಒಳಗಿನಿಂದ ಪಾತ್ರೆಗಳ ಸದ್ದು. ಹೊರಗೆ ಚಾಪೆಯ ಮೇಲೆ ನೆಂಟರು. ಅಪ್ಪ ಅಬ್ದುಲ್ ಮಜೀದ ಏನೋ ಹೇಳಲು ಹೊರಟು ಒಂದು ಅಕ್ಷರದ ಮುಂದೆ ನಿಂತುಬಿಟ್ಟಿದ್ದಾನೆ. ಬಾಯಿ ತೆರೆದಿದೆ, ಮ ಮ ಮ ಎಂಬುದರ ಆಚೆ ಮಾತು ಬರುತ್ತಿಲ್ಲ. ಆಗ ಅಡುಗೆಮನೆಯಲ್ಲಿ ಅಮ್ಮ ಹುಸೇನ್ ಬೀ ತಪೇಲಿಯ ಮುಚ್ಚಳ ಕೆಡವುತ್ತಾಳೆ. ಎಲ್ಲರೂ ಅತ್ತ ನೋಡುತ್ತಾರೆ. ಇತ್ತ ತಿರುಗುವಷ್ಟರಲ್ಲಿ ಅಪ್ಪ ಆ ಅಕ್ಷರ ದಾಟಿ ಮಾತು ಮುಗಿಸಿರುತ್ತಾನೆ. ನೆಂಟರು ಬಂದಾಗಲೆಲ್ಲ ಅಮ್ಮನಿಗೆ ಅಪ್ಪನ ಮೇಲೆ ಸಿಟ್ಟು ಬರುತ್ತದೆ ಎಂದೇ ಅಕೀಲ ಬಹಳ ದಿನ ತಿಳಿದಿದ್ದ. ಅಮ್ಮನಿಗೆ ಎದುರು ಬಿದ್ದು ಅಪ್ಪನ ಪರವಾಗಿ ಜಗಳವನ್ನೂ ಆಡಿದ್ದ. ಅವಳು ಬೈಸಿಕೊಂಡು ಮುಚ್ಚಳ ಎತ್ತಿಟ್ಟಿದ್ದಳು. ಸದ್ದಿನ ಅರ್ಥ ಹೊಳೆದು, ಅಪ್ಪನಿಗೆ ಇದು ಗೊತ್ತಿತ್ತೋ ಇಲ್ಲವೋ ಕೇಳಬೇಕು ಅನ್ನಿಸುವ ಹೊತ್ತಿಗೆ ಕೇಳಲು ಅಪ್ಪನಿರಲಿಲ್ಲ. ಗೊತ್ತಿದ್ದರೆ ಅಪ್ಪ ಹೇಗೆ ಸಹಿಸಿದ? ಅಥವಾ ಸಹಿಸುವುದು ಅನ್ನುವ ಮಾತೇ ಅಲ್ಲಿಗೆ ಬರುವುದಿಲ್ಲವೋ ಏನೋ.

"ಏ ತಮ್ಮಾ, ಎಲ್ಲಿಗೆ ಹೋಗಿದ್ದಿ? ಆಗಿಂದ ಕೂಗಾಕ ಹತ್ತೀನಿ."

ತೆಲಿಗಿ ಬಸ್ಸಿನಿಂದ ಇಳಿದು ಅಜ್ಜ ಎದುರಿಗೆ ನಿಂತಿದ್ದ, ಹಿಂದೆ ಡೋಲಕ್ಕು ಹೊತ್ತ ಜಂಬಣ್ಣ. ಅಜ್ಜ ಕಂಬಳಿಯ ಮಡಿಕೆಯಿಂದ ಒಂದು ಗಂಟು ತೆಗೆದ. "ಮೈಲಮ್ಮ ಕಟ್ಯಾಳ. ಸಜ್ಜಿ ರೊಟ್ಟಿ, ಗುರೆಳ್ಳು ಪುಡಿ. ಮದ್ಲ ಗಿಟಾರದವನಿಗೆ ಕೊಡು, ಆಮ್ಯಾಗ ನೀನು ತಿನ್ನು ಅಂದಾಳ. ನಾ ಆಕಿ ಗಂಡ, ನೆಪ್ಪಿರಲಿ."

ಹರಪನಹಳ್ಳಿ ತಾಲೂಕಿನದೇ ಆದ ಅರಸೀಕೆರೆಯಲ್ಲಿ ಕರಿಸಿದ್ದಪ್ಪ ಎಂಬವರ ಹೊಸ ಮನೆಯ ಒಕ್ಕಲು. ಊಟವಾದ ಮೇಲೆ ಪದ ಹಾಡಲು ಮೇಳಕ್ಕೆ ಕರೆ ಬಂದಿತ್ತು. ಬಸ್ಸಿನಲ್ಲಿ ಅಜ್ಜ ಕಿಟಕಿ ಬದಿಗೆ ಕೂತು ಗಿಟಾರನ್ನು ತನ್ನ ತೊಡೆಯ ಮೇಲೆ ಅಡ್ಡ ಹಾಕಿಕೊಂಡ. ಮೇಲಿನ ಹಲಗೆಯ ಮೇಲೆ ಇಟ್ಟರೆ ಯಾರಾದರೂ ಅದರ ಮೇಲೆ ಮೂಟೆ ಇಟ್ಟಾರು ಎಂಬ ಭಯ ಅವನಿಗೆ. ಗಿಟಾರಿನ ಯಜಮಾನನಿಗೆ ಕೂಡ ಅಷ್ಟು ಭಯವಿಲ್ಲ. ರಸ್ತೆಯ ಅಂಚಿನಲ್ಲಿ ಮೆಕ್ಕೆಜೋಳ ಒಣಹಾಕಿದ್ದರು. ಬಸ್ಸು ಅದನ್ನು ತಪ್ಪಿಸಿ ಓಲಾಡಿದಾಗಲೆಲ್ಲ ಅಜ್ಜ ಎರಡೂ ಕೈಯಿಂದ ಗಿಟಾರಿನ ಕತ್ತು ಹಿಡಿಯುತ್ತಿದ್ದ. ಅಜ್ಜ ಮೊದಲ ಸಲ ಸುಟ್ಟ ಮೋಟರು ಹೊತ್ತು ಅಂಗಡಿಗೆ ಬಂದ ದಿನ ಅಕೀಲ ಮೂಲೆಯಲ್ಲಿ ಇದನ್ನೇ ಮೀಟುತ್ತ ಕೂತಿದ್ದ. ಅಜ್ಜ ಮೋಟರಿನ ಮಾತನ್ನೇ ಮರೆತು ಕುಕ್ಕರಗಾಲಲ್ಲಿ ಕೂತು ಕೇಳಿ, ಈ ಪೆಟ್ಟಿಗಿ ನಮ್ಮ ಪದಕ್ಕ ಹೊಂದತೈತಿ, ಬಾರಪಾ ಅಂದಿದ್ದ. ಮದುವೆಗಳಿಗೆಲ್ಲ ಡಿಜೆ ಬಂದು, ತಾನು ನುಡಿಸುತ್ತಿದ್ದ ಆರ್ಕೆಸ್ಟ್ರಾ ಮುಚ್ಚಿದ ಮೇಲೆ ಅಕೀಲನನ್ನು ಬಾ ಅಂದವರು ಇನ್ನೊಬ್ಬರಿರಲಿಲ್ಲ. ಇಂಥವನ ಮೇಲೆ ಬೆಳಿಗ್ಗೆಯಿಂದ ಸಿಟ್ಟು ಮಾಡಿಕೊಂಡು ಕೂತಿದ್ದೇನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ಸಿಟ್ಟು ಇನ್ನಷ್ಟು ಬಂತು.

"ಅಜ್ಜಾ, ಹೋದ ವಾರ ನಾ ನುಡಿಸಿದ್ದು ಹೆಂಗಿತ್ರಿ?" ಎಂದು ಕೇಳಿಯೇಬಿಟ್ಟ.

"ಚಲೋ ಇತ್ತು. ಭಾಳ ಚಲೋ ಇತ್ತು," ಅಜ್ಜನ ಉತ್ತರ ಪ್ರಶ್ನೆ ಮುಗಿಯುವ ಮೊದಲೇ ಬಂತು. ಜಂಬಣ್ಣ ಮೆಕ್ಕೆಜೋಳ ನೋಡತೊಡಗಿದ.

"ಎಲ್ಲ್ಯರ ತಪ್ಪಿದ್ರ ಹೇಳ್ರಿ ಮತ್ತ."

"ತಪ್ಪು ಎಲ್ಲೈತಿ ಮಾರಾಯ? ಬೆರಳು ಅಂದಮ್ಯಾಲ ಬೆರಳು. ಐದು ಅದಾವ, ಐದಕ್ಕೂ ಬ್ಯಾರೆ ಬ್ಯಾರೆ ಬುದ್ಧಿ ಇರತೈತಿ. ಯಾರಿಗೂ ಏನೂ ತಿಳದಿಲ್ಲ ತಗಾ." ಅಂದುಬಿಟ್ಟ ಮೇಲೆ ಮಾತು ಹೆಚ್ಚಾಯಿತೆಂದು ಅಜ್ಜನಿಗೆ ಅನ್ನಿಸಿರಬೇಕು, ಸುಮ್ಮನೆ ಅಕೀಲನ ತೊಡೆಯ ಮೇಲೆ ಎರಡು ಸಲ ತಟ್ಟಿದ. ಯಾರಿಗೂ ಏನೂ ತಿಳಿದಿಲ್ಲ! ಈಗಲೇ ಹೇಳಬೇಕು, ಅಕೀಲ ಅಂದುಕೊಂಡ. ಅಜ್ಜಾ, ಅದು ತಪ್ಪಲ್ಲ, ಬೇಕಂತ ನುಡಿಸಿದ್ದು, ನೀವು ಬಡಿಯದಿದ್ದರೆ ಎಷ್ಟು ಚೆನ್ನಾಗಿ ಕೇಳುತ್ತದೆ ನೋಡಿ. ಬೆಳಿಗ್ಗೆಯಿಂದ ಹದಮಾಡಿಟ್ಟ ಮಾತು ಬಾಯಿಗೆ ಬರಲಿಲ್ಲ. ತನಗೊಂದು ಸಲ, ಒಂದೇ ಒಂದು ಸಲ, ಆ ನಿಷಾದ ಬರಿ ಬಯಲಿನಲ್ಲಿ ಸರಿಯಾಗಿ ದಾಟಿಹೋದದ್ದನ್ನು ಜನ ಕೇಳಬೇಕಾಗಿತ್ತು. ಅದಕ್ಕೆ ಈ ಮುದುಕ ಅಡ್ಡ ಕೂತಿದ್ದಾನೆ, ತೊಡೆಯ ಮೇಲೆ ಅಕೀಲನದೇ ಗಿಟಾರು ಹಾಕಿಕೊಂಡು. ಸರಿ, ಇವತ್ತು ಆ ಸ್ವರವೇ ಬೇಡ. ಏಳೇ ಸ್ವರದಲ್ಲಿ ಇಳಿಯುತ್ತೇನೆ. ಮುಚ್ಚಿಸಿಕೊಳ್ಳುವ ಋಣವೇ ಬೇಡ. ಹೀಗೆ ಉರಿದುಕೊಂಡು ನಿಶ್ಚಯ ಮಾಡಿದವನು ಸಜ್ಜೆ ರೊಟ್ಟಿಯನ್ನು ಮಾತ್ರ ಮೂರೂ ತಿಂದ.

ಹೊಸ ಮನೆ ಸುಣ್ಣದ, ಬಣ್ಣದ, ಗೋಧಿ ಹುಗ್ಗಿಯ ವಾಸನೆ ಹೊಡೆಯುತ್ತಿತ್ತು. ಪಡಸಾಲೆ ತುಂಬ ಜನ. ಗೋಡೆಗೆ ಒರಗಿದರೆ ಬಣ್ಣ ಹತ್ತೀತೆಂದು ಎಲ್ಲರೂ ನೆಟ್ಟಗೆ ಕೂತಿದ್ದರಿಂದ ಪರೀಕ್ಷೆಗೆ ಕೂತವರಂತೆ ಕಾಣುತ್ತಿದ್ದರು. ಮುಂದಿನ ಸಾಲಿನಲ್ಲಿ ಗುರುಬಸವರಾಜ ಎಂಬ ಹಿರಿಯರು, ತಾವೂ ಒಂದು ಕಾಲಕ್ಕೆ ಹಾಡುತ್ತಿದ್ದವರು; ಈಗ ಹಾಡುವವರ ಹುಳುಕು ಹೆಕ್ಕುವುದು ಅವರ ಕಸುಬು. ಅಜ್ಜ ಕಣ್ಣು ಮುಚ್ಚಿ ಎತ್ತಿಕೊಂಡ.

*ದೊಡ್ಡಿ ಬಾಗಿಲ ಹಾಕಿದೆನಂತ ನಿದ್ದಿ ಮಾಡಬ್ಯಾಡೋ,*
*ಒಳಗ ಸೇರಿದ ತೋಳಕ ನಿನ್ನ ಗುರುತು ಐತಿ ನೋಡೋ.*

ಆ ಧ್ವನಿ ಕೇಳಿದರೆ ಅಕೀಲನಿಗೆ ಏನೋ ಆಗುತ್ತಿತ್ತು, ಅದನ್ನು ಮುಚ್ಚುಮರೆ ಮಾಡಿ ಏನು ಪ್ರಯೋಜನ, ಮುದುಕನನ್ನು ಅವನು ತುಂಬ ಪ್ರೀತಿಸುತ್ತಿದ್ದ. ಸ್ವಲ್ಪ ಒಡೆದ, ಹೊಲದಾಚೆಯ ಕುರಿಯನ್ನು ಕೂಗಿ ಕೂಗಿ ಹಿಗ್ಗಿದ ಧ್ವನಿ. ಪಲ್ಲವಿ ಮುಗಿಯಿತು. ಜಂಬಣ್ಣ ಹುಬ್ಬು ಹಾರಿಸಿದ್ದನ್ನು ಅಕೀಲ ಈ ಸಲ ಕಣ್ಣಾರೆ ನೋಡಿದ. ಐದನೇ ಫ್ರೆಟ್ಟಿನ 'ಸಾ' ಸ್ವರವನ್ನು ಅರೆಗಳಿಗೆ ಹೆಚ್ಚು ಹಿಡಿದು, ನಾಲ್ಕನ್ನು ಬಿಟ್ಟು, ಸೀದಾ ಮೂರಕ್ಕೆ ಇಳಿದ.

ಝಣ್.

ಏನೂ ಇಲ್ಲದ ಜಾಗದಲ್ಲಿ ತಾಳ ಬಿತ್ತು. ಅದರಡಿ ಮುಚ್ಚಲು ಒಂದು ಸ್ವರವೂ ಇರಲಿಲ್ಲ. ಇಡೀ ಪಡಸಾಲೆಯಲ್ಲಿ ಆ ಸದ್ದು ಒಂದೇ ಬತ್ತಲೆ ನಿಂತುಕೊಂಡಿತು. ಜಂಬಣ್ಣನ ಕೈ ಡೋಲಕ್ಕಿನ ಮೇಲೆ ತಡವರಿಸಿತು, ಗಿಟಾರು ಎಲ್ಲಿಗೋ ಹೋಯಿತು, ಪದ ನಿಂತಿತು.

"ಏನ್ ಬೀರಪ್ಪಾ!" ಗುರುಬಸವರಾಜರು ಕಾಯ್ದವರಂತೆ ದನಿ ತೆಗೆದರು. "ತಾಳ ತಪ್ಪಿತಲ್ಲಪಾ! ಹೋದ ಸಲಾನೂ ಅನುಮಾನ ಬಂದಿತ್ತು ನನಗ."

ಜನ ನಕ್ಕರು. ಕೆಟ್ಟ ನಗುವಲ್ಲ, ಉಂಡು ಕೂತವರ ನಗು. ಆದರೆ ದೊಡ್ಡಬೀರಪ್ಪನ ತಾಳ ತಪ್ಪಿತು ಎಂಬ ಮಾತನ್ನು ಆ ಸೀಮೆಯಲ್ಲಿ ಈತನಕ ಯಾರೂ ಆಡಿರಲಿಲ್ಲ. ಅಕೀಲ ಅಜ್ಜನ ಮುಖ ನೋಡಿದ. ಅಜ್ಜ ಅವನನ್ನು ನೋಡಲಿಲ್ಲ. ನೋಡಿದರೆ ಉಳಿದವರ ಕಣ್ಣೂ ಅತ್ತ ತಿರುಗೀತು ಎಂದು ಬೇಕೆಂದೇ ನೋಡಲಿಲ್ಲ, ಎದುರಿನ ಹೊಸ ಬಾಗಿಲನ್ನೇ ನೋಡುತ್ತ ತಾನೂ ನಕ್ಕ.

"ಹೌದ್ರಪಾ, ತಪ್ತು. ವಯಸ್ಸಾತಲ್ರಿ. ಕೈ ಮಾತು ಕೇಳವಲ್ದು." ತಾಳವನ್ನು ಎತ್ತಿ ಪಕ್ಕಕ್ಕೆ ಚಾಚಿದ. "ತಗಾ ಜಂಬಣ್ಣ, ಇದನ್ನ ಯಾರ ಕೈಯಾಗರ ಕೊಡು. ನಾ ಬರೇ ಹಾಡ್ತೀನಿ."

ಅಕೀಲನಿಗಾಗಿ ಬಡಿದೆನೆಂದು ಅಜ್ಜ ಹೇಳಿದ್ದರೆ ಸಾಕಿತ್ತು. ಗಿಟಾರದವ ತಪ್ಪತಾನ, ನಾ ಮುಚ್ತೀನಿ ಅಂದಿದ್ದರೆ ಮುಗಿದೇಹೋಗುತ್ತಿತ್ತು. ಮುದುಕ ಅದನ್ನು ಬಿಟ್ಟು ಒಂದು ಜನ್ಮದ ಹೆಸರನ್ನು ಸಂತೆಯಲ್ಲಿ ಸೊಪ್ಪು ಕೊಟ್ಟಷ್ಟು ಸಲೀಸಾಗಿ ಕೊಟ್ಟುಬಿಟ್ಟಿದ್ದ. ಚಾಚಿದ ತಾಳದ ಎಳೆಗಳು ಅವನ ಬೆರಳಿಗೆ ಸುತ್ತಿಕೊಂಡಿದ್ದವು, ಜಂಬಣ್ಣ ಅವನ್ನು ಒಂದೊಂದಾಗಿ ಬಿಡಿಸಿ ತಾಳ ತೆಗೆದುಕೊಂಡ.

"ತಾಳ ತಪ್ಪಿಲ್ರಿ," ಅಂದ ಅಕೀಲ. ದನಿ ಅವನೆಣಿಸಿದ್ದಕ್ಕಿಂತ ದೊಡ್ಡದಾಗಿ ಬಂತು. "ತಪ್ಪಿದ್ದು ನಾನು. ಅಲ್ಲೊಂದು ಸ್ವರ ಐತ್ರಿ. ದಿನಾ ನುಡಸ್ತೀನಿ. ಇವತ್ತು ಬಿಟ್ಟೆ."

ಈಗ ಅಜ್ಜ ಅವನತ್ತ ತಿರುಗಿದ. ಬಾಗಿ, ಅವನಿಗೊಬ್ಬನಿಗೇ ಕೇಳುವಂತೆ, "ಅದನ್ನ ಬೇಕಂತ ನುಡಸ್ತಿದ್ದೇನಲೇ ನೀನು?" ಅಂದ.

"ಹೌದಜ್ಜ. ಬೇಕಂತ."

ಅಜ್ಜನ ಮುಖದಲ್ಲಿ ಒಂದೊಂದಾಗಿ ಎಲ್ಲ ಹಾಡಿಕೆಗಳೂ ಹಿಂದಕ್ಕೆ ಓಡುತ್ತಿದ್ದವು. ತೆಲಿಗಿ, ಹರಪನಹಳ್ಳಿ, ಎಷ್ಟೆಲ್ಲ ಕಡೆ ಎಷ್ಟೆಲ್ಲ ಸಲ. ತುಟಿ ಅಲುಗಿತು. "ಮತ್ತ ನಾನು... ಇಷ್ಟ್ ದಿನಾ ಅದರ ಮ್ಯಾಲ..." ಅಂದು ನಿಂತ. ಕಣ್ಣಿನಲ್ಲಿ ಅಕೀಲ ಹಿಂದೆಂದೂ ನೋಡಿರದ ಒಂದು ಹೆದರಿಕೆಯಿತ್ತು. ಬೆಳಿಗ್ಗೆಯಿಂದ ಕಾದ ಗಳಿಗೆ ಇದೇ. ಇನ್ನು ಒಂದು ಮಾತು ಆಡಿದರೆ ಸಾಕು. ಅಜ್ಜ ಮತ್ತೆ ಆ ಜಾಗದಲ್ಲಿ ತಾಳ ಎತ್ತುವುದಿಲ್ಲ, ಶುದ್ಧ ನಿಷಾದ ಬರಿ ಬಯಲಿನಲ್ಲಿ ದಾಟಿಹೋಗುತ್ತದೆ, ಇಷ್ಟು ಜನ ಕೇಳುತ್ತಾರೆ. ಆ ಒಂದು ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ನೀವು ಅಲ್ಲಿ ಬಡೀತೀರಿ ಅಂತನ ನಾನು ಆ ಸ್ವರ ಹಿಡೀತೀನಜ್ಜ," ಅಂದ ಅಕೀಲ, ಎಲ್ಲರಿಗೂ ಕೇಳುವಂತೆ. "ನಿಮ್ಮ ಪೆಟ್ಟಿಲ್ಲಂದ್ರ ಅದು ಎಲ್ಲಿ ನಿಂದ್ರತೈತಿ? ಕೈ ತಗೀಬ್ಯಾಡ್ರಿ."

ಶುದ್ಧ ಸುಳ್ಳು. ಬೋಳುತಲೆಯ ಮೇಷ್ಟ್ರು ಕೇಳಿದ್ದರೆ ಎದೆ ಒಡೆದುಕೊಳ್ಳುತ್ತಿದ್ದ. ಗುರುಬಸವರಾಜರು ಮಾತ್ರ "ಹಂಗೇನು? ನಾನೂ ಅದ ಅಂದ್ಕೊಂಡೆ" ಎಂದು ಗಂಭೀರವಾಗಿ ತಲೆಯಾಡಿಸಿದರು. ಅಜ್ಜ ಅಕೀಲನನ್ನು ಕಣ್ಣು ಕಿರಿದು ಮಾಡಿ ಸ್ವಲ್ಪ ಹೊತ್ತು ನೋಡಿದ. ನಂಬಲೋ ಬೇಡವೋ ಎನ್ನುವ ನೋಟ, ಆಮೇಲೆ ನಂಬಿದ ನೋಟ. ತಾಳವನ್ನು ಜಂಬಣ್ಣನ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡ. ಬೆನ್ನು ನೆಟ್ಟಗಾಯಿತು. ಪದ ಮತ್ತೆ ಮೊದಲಿನಿಂದ ಎದ್ದಿತು, ದೊಡ್ಡಿ, ಬಾಗಿಲು, ನಿದ್ದೆ, ತೋಳ, ಮೊದಲಿಗಿಂತ ಒಂದು ಕೈ ಮೇಲೆ. ಪಲ್ಲವಿ ಮುಗಿದಾಗ ಯಾರೂ ಹುಬ್ಬು ಹಾರಿಸಲಿಲ್ಲ. ಅಜ್ಜನೇ ಅಕೀಲನಿಗೆ ಕಣ್ಸನ್ನೆ ಮಾಡಿದ. ಐದು, ನಾಲ್ಕು, ಮೂರು. ಅಕೀಲನ ಬೆರಳು ಆ ಮಳೆಗಾಲದಲ್ಲೂ ದಾಟಿರದಷ್ಟು ಹಗುರವಾಗಿ ದಾಟಿತು, ಅದರ ಮೇಲೆ ಅಜ್ಜನ ತಾಳ ಇದ್ದ ಬಲವನ್ನೆಲ್ಲ ಹಾಕಿ ಬಿತ್ತು, ಜಂಬಣ್ಣನೂ ತಾನೇಕೆ ಬಿಡಲಿ ಎಂದು ಡೋಲಕ್ಕಿಗೆ ಒಂದು ಬಿಟ್ಟ.

ಪದ ಮುಗಿದು ಜನ ಚಪ್ಪಾಳೆ ತಟ್ಟುತ್ತಿರುವಾಗ ಅಜ್ಜ ಬೆವರಿದ ಮುಖವನ್ನು ಅವನ ಕಿವಿಯ ಹತ್ತಿರ ತಂದ.

"ಬಂತೇನಲೇ ನಿನ್ನ ಸ್ವರ?"

ಅಕೀಲನಿಗೆ ಕೇಳಿಸಿದ್ದು ತಾಳವೊಂದೇ.

"ಬಂತಜ್ಜಾ," ಅಂದ. "ಇನ್ನೊಂದೀಟು ಜೋರ್ ಬಡೀರಿ."